ಒಂದೊಂದು ಊರಿಗೆ ಒಬ್ಬೊಬ್ಬ ಮಗ

ಕಳಸಾಪುರದ ನಮ್ಮ ನಾಟಕಗಳಿಗೆ ತಾಯಿಯ ಪಾತ್ರ ಮಾಡಲು ಬೆಟಗೇರಿಯಿಂದ ಒಬ್ಬ ಕಲಾವಿದೆ ಬರುತ್ತಿದ್ದಳು. ಇವತ್ತು ನಮ್ಮೂರಾದರೆ ನಾಳೆ ಮುಳಗುಂದ. ಊರು ಬದಲಾದಂತೆ ಮಗನೂ ಬದಲು. ಬಸ್ಸಿಳಿದು ಕೈಚೀಲ ಬದಿಗಿಟ್ಟು ಆಕೆ ಮೊದಲು ಕೇಳುತ್ತಿದ್ದ ಮಾತು ಒಂದೇ:

"ಇವತ್ತ ನಾ ಯಾರ ತಾಯಿ ಆಗಬೇಕ್ರಿ?"

ನಾವು ತೋರಿಸಿದವನ ಕೆನ್ನೆ ಸವರಿ, ಆ ಮುಖವನ್ನು ಒಳಗೆ ಇಟ್ಟುಕೊಳ್ಳುವವಳಂತೆ ಗಳಿಗೆ ಹೊತ್ತು ಕಣ್ಣು ಮುಚ್ಚುತ್ತಿದ್ದಳು.

ಒಂದು ವರ್ಷ ಮಗನ ಪಾತ್ರ ನನಗೆ ಬಂತು. ನಮ್ಮವ್ವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ದೂರದಿಂದ ಮರಳಿದ ಮಗ ತಾಯಿಯ ಕಾಲಿಗೆರಗುವ ದೃಶ್ಯ. ಬಗ್ಗಿದವನಿಗೆ ಸಂಭಾಷಣೆಯೇ ಮರೆತುಹೋಯಿತು. ಪರದೆಯ ಮರೆಯಿಂದ ನಾಟಕ ಕಲಿಸಿದ ಮಾಸ್ತರರು ಸಾಲು ಪಿಸುಗುಡುತ್ತಲೇ ಇದ್ದರು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕಾಯುತ್ತಿತ್ತು. ದೀಪಗಳ ಬೆಳಕಿನಲ್ಲಿ ಜನರೆಲ್ಲ ಮಂಜಿನಂತೆ ಕರಗಿ, ಆಕೆಯ ಹಸಿರು ಬಳೆಗಳಷ್ಟೇ ನನಗೆ ಕಾಣುತ್ತಿದ್ದವು. ಆಕೆ ನನ್ನ ತಲೆ ನೇವರಿಸಿ, ನಾಟಕದ ಪುಸ್ತಕದಲ್ಲೆಲ್ಲೂ ಇಲ್ಲದ ಮಾತು ಕೇಳಿದಳು:

"ಉಂಡಿಯೇನಪಾ?"

"ಇಲ್ಲ ಯವ್ವಾ," ಎಂದೆ. ಹಾಗೆಂದದ್ದು ಪಾತ್ರವೋ ನಾನೋ, ಈಗಲೂ ತಿಳಿಯದು.

ಮೊನ್ನೆ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ, ಮಧ್ಯಾಹ್ನದ ಝಳದಲ್ಲಿ ಆಕೆ ತೂಕಡಿಸುತ್ತ ಕುಳಿತಿದ್ದಳು. ಹೋಗಿ ಕಾಲು ಮುಟ್ಟಿದೆ. ಆಕೆಗೆ ನನ್ನ ಗುರುತು ಹತ್ತಲಿಲ್ಲ. ಆದರೂ ಕೆನ್ನೆ ಸವರಿ ಕಣ್ಣು ಮುಚ್ಚಿದಳು. ಆ ರೆಪ್ಪೆಗಳ ಹಿಂದೆ ಊರೂರಿನ ಮಕ್ಕಳು ಸಾಲಾಗಿ ಹಾದುಹೋಗುತ್ತಿರಬೇಕು ಅನಿಸಿತು. ನಾನು ಕಾದೆ.

"ಯಾವ ಊರಾಗ ನಾ ನಿನ್ನ ತಾಯಿ ಆಗಿದ್ನಪಾ?"