ಲಾರಿಯ ಬಲಗಡೆ ಇಂಡಿಕೇಟರ್

ಕುರುಗೋಡಿನ ಉಚ್ಚೆಂಗೆಪ್ಪ ಪಂಪ್‌ಸೆಟ್ ರಿಪೇರಿಯವನು. ಸಿರುಗುಪ್ಪ ಕಡೆಯ ಹಳ್ಳಿಗಳಿಗೆಲ್ಲ ಬೈಕಿನ ಮೇಲೆಯೇ ಓಡಾಟ. ಲೈಸೆನ್ಸ್ ಹೋದರೆ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಹಳೆಯ ಸವಾರರಿಗೆಂದು ಪೊಲೀಸರು ಬಳ್ಳಾರಿಯಲ್ಲಿ ರಸ್ತೆ ನಿಯಮದ ಪರೀಕ್ಷೆ ಇಟ್ಟು ಕರೆದಾಗಲೇ ಅವನಿಗೆ ಅನುಮಾನ ಬಂದಿತ್ತು. ಸರ್ಕಾರ ಪುಕ್ಕಟೆ ಕರೆಯುವುದು ಏನಾದರೂ ಕಿತ್ತುಕೊಳ್ಳುವುದಕ್ಕೇ. ಬಾಗಿಲಲ್ಲೇ ಲೈಸೆನ್ಸ್ ಕೇಳಿದರು.

“ಜೆರಾಕ್ಸ್ ತಗೊಳ್ರಿ. ಅಸಲಿ ಕೊಡಂಗಿಲ್ಲ,” ಎಂದು ಅಂಗಿಯ ಜೇಬನ್ನು ಒತ್ತಿ ಹಿಡಿದೇ ಒಳಗೆ ಕೂತ.

ಪರೀಕ್ಷೆ ನಡೆಸುತ್ತಿದ್ದ ಪೊಲೀಸ್ ಸಾಹೇಬರು ಮೊದಲು ಅವನನ್ನೇ ಕೇಳಿದರು: “ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿದ್ರ ಏನರ್ಥ?”

ಇಷ್ಟು ಸುಲಭದ ಪ್ರಶ್ನೆಯೇ? ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. ಆದರೂ ವರ್ಷಗಟ್ಟಲೆ ಭತ್ತದ ಲಾರಿಗಳ ಹಿಂದೆ ಓಡಿಸಿದವನಲ್ಲವೇ, ಹೇಳಿಯೇಬಿಟ್ಟ: “ಮುಂದ ರೋಡ್ ಖಾಲಿ ಐತಿ, ನನ್ನ ದಾಟಿ ಹೋಗು ಅಂತ.”

ಉಳಿದ ಸವಾರರೆಲ್ಲ ಹೂಂಗುಟ್ಟಿದರು.

“ಅಲ್ಲ. ಅವನು ಬಲಕ್ಕ ತಿರುಗ್ತಾನ ಅಂತ. ನೀವು ದಾಟಾಕ ಹೋದ್ರ ಸೀದಾ ಗಾಲಿ ಕೆಳಗ ಹೋಗ್ತೀರಿ.”

“ಸುಳ್ಳು! ಲಾರಿಯವ್ರನ್ನ ಕೇಳಿ ನೋಡ್ರಿ.”

“ಬೆಳಿಗ್ಗೆ ಕೇಳೀನಿ. ಅರ್ಧ ಮಂದಿ ನಿಮ್ಮಂಗ ಅಂದ್ರು, ಅರ್ಧ ಮಂದಿ ನನ್ನಂಗ.”

ಉಚ್ಚೆಂಗೆಪ್ಪನಿಗೆ ಲೈಸೆನ್ಸ್ ಮರೆತೇ ಹೋಯಿತು. ಇಷ್ಟು ದಿನ ಆ ದೀಪ ನಂಬಿ ಜೀವ ಒಡ್ಡಿದ್ದೆನಲ್ಲ ಎಂದು ಜೇಬು ಬಿಟ್ಟು ಎದ್ದು ನಿಂತ.

“ಸಾಹೇಬ್ರ, ಸಿರುಗುಪ್ಪ ರೋಡಿಗೆ ಬರೋರು ಯಾವ ಅರ್ಧ ಮಂದಿ?”

“ಅದು ಗೊತ್ತಾಗಿದ್ರ ನಿಮ್ಮನ್ಯಾಕ ಕರೀತಿದ್ವಿ?” ಎಂದರು ಸಾಹೇಬರು.