ಯಾರೂ ಮುರಿಯದ ಸೀಲು

ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲದೆ ಹರಿಯತೊಡಗಿದರೆ, ನೀವು ಬಸ್‌ಸ್ಟಾಪಿನಲ್ಲಿ ಮುಂದಿನ ಬಸ್ಸಿಗೆ ಕಾಯುವಷ್ಟು ಹೊತ್ತಿನಲ್ಲಿ ಅವಳ ಜೀವ ಹೋಗಬಹುದು. ಇದು ನಿಮಗೆ ಮೊದಲೇ ಗೊತ್ತಿರಬೇಕಿತ್ತು. ಮೊಬೈಲಿನಲ್ಲಿ ಚಾರ್ಜು ಎಷ್ಟು ಉಳಿದಿದೆ ಎಂದು ಗಳಿಗೆಗೊಮ್ಮೆ ನೋಡಿಕೊಳ್ಳುವ ನಾವು, ನಮ್ಮನ್ನು ಹೆತ್ತವರ ಬಗ್ಗೆ ಇಷ್ಟನ್ನೂ ತಿಳಿದುಕೊಂಡಿಲ್ಲ.

ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಉಸ್ತುವಾರಿ ಸಿಸ್ಟರ್ ಒಬ್ಬಳಿದ್ದಾಳೆ. ಇದ್ದಳು ಅನ್ನಬೇಕು, ಆ ಮಾತು ಆಮೇಲೆ. ಬಾಗಿಲು ಕಾಯುವವನಿಂದ ಹಿಡಿದು ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರವರೆಗೆ ಎಲ್ಲರೂ ಆಕೆಯನ್ನು ಬೆನ್ನ ಹಿಂದೆ ಕರೆಯುವುದು ಯಾಕಮ್ಮ ಎಂದು. ಏನಾದರೂ ಕೆಟ್ಟರೆ ಉಳಿದವರೆಲ್ಲ ಯಾರು ಮಾಡಿದ್ದು ಎಂದು ಕೇಳುತ್ತಾರೆ. ಈಕೆ ಯಾಕಾಯ್ತು ಎಂದು ಕೇಳುತ್ತಾಳೆ.

ಈ ಚಟ ಅಪ್ಪನಿಂದ ಬಂದದ್ದು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಹಾಕಿ, ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡಿದ ಮೇಲೂ ಆತ ಗಿರಾಕಿಯನ್ನು ಬಿಡುತ್ತಿರಲಿಲ್ಲ. ಟೈರಿನ ಒಳಗೆ ಸುತ್ತಲೂ ಬೆರಳಾಡಿಸುತ್ತಿದ್ದ. "ಮುಳ್ಳು ಇನ್ನೂ ಒಳಗೇ ಕೂತಿದೆಯೇನೋ ನೋಡ್ಬೇಕಲ್ಲ, ಸ್ವಾಮಿ. ಇಲ್ದಿದ್ರೆ ನಾಳೆ ಬಂದು ನನ್ನೇ ಬೈತೀರಿ" ಎನ್ನುತ್ತಿದ್ದ. ಎಷ್ಟೋ ಸಲ ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬರುತ್ತಿತ್ತು. ಮಗಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಮುಂದೆ ನರ್ಸಿಂಗ್ ಓದಿದಳು, ಶಾಲೆಯ ವ್ಯಾನು ಓಡಿಸುವವನನ್ನು ಮದುವೆಯಾದಳು. ಆತ ಈಗಲೂ ಹೇಳುವುದುಂಟು: "ಹೆಣ್ಣು ನೋಡೋಕೆ ಹೋದ್ರೆ, ನನ್ನನ್ನೇ ಯಾಕೆ ಒಪ್ಕೊಂಡ್ರಿ ಅಂತ ಕೇಳಿದ್ಳು. ಇನ್ನೂ ಉತ್ತರ ಹುಡುಕ್ತಾ ಇದೀನಿ."

ಹೆರಿಗೆ ಕೋಣೆಯ ಗೋಡೆಯಲ್ಲಿ, ಮಂಚದಿಂದ ಕೈಚಾಚಿದರೆ ಸಿಗುವಂತೆ, ಒಂದು ಕೆಂಪು ಡಬ್ಬಿ ಇದೆ. ರಕ್ತಸ್ರಾವ ಶುರುವಾದರೆ ಬೇಕಾಗುವುದೆಲ್ಲ ಅದರಲ್ಲಿ: ಸಲೈನು, ಅದರ ಕೊಳವೆ, ಸೂಜಿ, ಗ್ಲೌಸು, ರಕ್ತ ನಿಲ್ಲಿಸುವ ಔಷಧಗಳು. ಆದರೆ ಅವಸರಕ್ಕೆ ತೆರೆದರೆ ಡಬ್ಬಿ ಅರ್ಧ ಖಾಲಿ ಇರುತ್ತಿತ್ತು. ಪ್ರತಿ ಸಲವೂ ಯಾರಿಗೋ ಒಬ್ಬರಿಗೆ ಮೆಮೋ ಹೋಗುತ್ತಿತ್ತು, ಡಬ್ಬಿ ಮತ್ತೆ ಖಾಲಿಯಾಗುತ್ತಿತ್ತು.

ಯಾಕಮ್ಮ ಉಸ್ತುವಾರಿಗೆ ಬಂದ ಮೇಲೆ ಮೆಮೋ ಬದಿಗಿಟ್ಟು ಕೇಳುತ್ತಾ ಹೋದಳು. ಡಬ್ಬಿಯಿಂದ ಗ್ಲೌಸು ಯಾಕೆ ತೆಗೆದಿರಿ? ವಾರ್ಡಿನಲ್ಲಿ ಮುಗಿದಿತ್ತು. ಉಗ್ರಾಣದಿಂದ ಯಾಕೆ ತರಲಿಲ್ಲ? ಉಗ್ರಾಣಕ್ಕೆ ಮಧ್ಯಾಹ್ನವೇ ಬೀಗ. ಸಂಜೆ ಪಾಳಿಯವರು ಕಳ್ಳರಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. "ಆಮೇಲೆ ಇಟ್ರಾಯ್ತು" ಎಂದು ತೆಗೆದದ್ದು, ಆಮೇಲೆ ಮರೆತುಹೋಗುತ್ತಿತ್ತು. ಆಕೆ ಸಂಜೆಗೆ ಬೇಕಾದ ಸಾಮಾನನ್ನು ಬೆಳಗ್ಗೆಯೇ ತರಿಸಿ ಬೇರೆ ಕಪಾಟಿನಲ್ಲಿಟ್ಟಳು. ಡಬ್ಬಿಗೆ ತೆಳುವಾದ ಪ್ಲಾಸ್ಟಿಕ್ ಸೀಲು ಹಾಕಿದಳು. ಬೆರಳಿನಿಂದ ತಿರುವಿದರೆ ಪಟ್ಟನೆ ಮುರಿಯುವಂಥದು. ಸೀಲು ಇದ್ದರೆ ಡಬ್ಬಿ ತುಂಬಿದೆ ಎಂದು ಅರ್ಥ, ಅಷ್ಟೇ. ಮೊದಲು ಒಂದೇ ಪಾಳಿಯಲ್ಲಿ ಮಾಡಿ ನೋಡಿದಳು. ಸರಿಹೋದ ಮೇಲೆ ಇನ್ನೊಂದಕ್ಕೆ, ಆಮೇಲೆ ಎಲ್ಲಕ್ಕೆ. ಖಾಲಿ ಡಬ್ಬಿಯ ಲೆಕ್ಕವನ್ನು ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದಳು. ಗೆರೆ ಇಳಿಯುತ್ತಾ ಬಂದು ನೆಲ ಮುಟ್ಟಿತು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಚೆನ್ನಾಗಿರುತ್ತಿದ್ದರು. ಆದರೆ ನಮ್ಮ ಕಚೇರಿಗಳಿಗೆ ಒಳ್ಳೆಯದೊಂದು ಕಣ್ಣಿಗೆ ಬಿದ್ದರೆ, ಅದಕ್ಕೊಂದು ಆದೇಶದ ಬಾಲ ಅಂಟಿಸದೆ ನಿದ್ದೆ ಬರುವುದಿಲ್ಲ. ಸೀಲು ಮುರಿದವರು ಕಾರಣ ವಿವರಿಸಿ ಲಿಖಿತ ಉತ್ತರ ಕೊಡತಕ್ಕದ್ದು ಎಂದು ದೊಡ್ಡ ಡಾಕ್ಟರು ಆದೇಶ ಹೊರಡಿಸಿದರು. ಬಾಗಿಲ ಬಳಿ ಬೋರ್ಡು ಬಂತು: ಈ ತಿಂಗಳು ಮುರಿದ ಸೀಲು, ಸೊನ್ನೆ. ಮೇಲಿನ ಕಚೇರಿಯವರು ಬಂದು ಸೊನ್ನೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಗುಣಮಟ್ಟದ ಪ್ರಶಸ್ತಿಗೆ ಆಸ್ಪತ್ರೆಯ ಹೆಸರು ಹೋಯಿತು.

ಆ ತಿಂಗಳುಗಳಲ್ಲಿ ಯಾವ ಹೆಂಗಸಿಗೂ ರಕ್ತ ಹೋಗಲಿಲ್ಲವೇ? ಹೋಯಿತು. ಸಿಸ್ಟರುಗಳು ಕಾರಿಡಾರಿನ ಕೊನೆಯ ಔಷಧಿ ಕೌಂಟರಿಗೆ ಓಡಿ ತಂದರು. ಉತ್ತರ ಬರೆಯುವುದಕ್ಕಿಂತ ಓಡುವುದು ವಾಸಿ ಅನ್ನಿಸಿತ್ತು. ಹೇಗೋ ಹೊತ್ತಿಗೆ ಸರಿಯಾಗಿ ತಂದರು, ಹೆಂಗಸರು ಉಳಿದರು, ಯಾರೂ ಕೇಳಲಿಲ್ಲ. ಆ ಸೊನ್ನೆಯನ್ನು ನೋಡಿ ಯಾಕಮ್ಮನೂ ಯಾಕೆ ಎಂದು ಕೇಳಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಡ್ಯೂಟಿ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಹೆರಿಗೆ ಕೋಣೆಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ಹೊಸತರಲ್ಲಿದ್ದ ನರ್ಸ್ ಹುಡುಗಿ, ಒಬ್ಬಳು ಆಯಾ, ಮಂಚದ ಮೇಲೆ ಆಗಷ್ಟೇ ಚೊಚ್ಚಲ ಹೆತ್ತ ಹೆಂಗಸು. ಮಗು ಚೆನ್ನಾಗಿ ಅತ್ತಿತ್ತು. ತಾಯಿ "ಯಾರ ಥರ ಇದೆ?" ಎಂದು ಕೇಳಿದಳು. ಮರುಗಳಿಗೆಗೆ "ಚಳಿಯಾಗ್ತಿದೆ ಸಿಸ್ಟರ್" ಎಂದಳು. ಹುಡುಗಿ ಹೊದಿಕೆ ಸರಿಸಿ ನೋಡಿದರೆ ಹಾಸಿಗೆ ತೊಯ್ದು ರಕ್ತ ನೆಲಕ್ಕೆ ಇಳಿಯುತ್ತಿತ್ತು.

ಕೆಂಪು ಡಬ್ಬಿ ಅವಳ ಬಲಗೈಯ ಪಕ್ಕದಲ್ಲೇ ಇತ್ತು. ಆಯಾಗೆ ಹೊಟ್ಟೆ ಒತ್ತಿ ಹಿಡಿಯಲು ಹೇಳಿ ಅವಳು ಹೊರಗೆ ಓಡಿದಳು. ಕೌಂಟರಿನ ಮುಂದೆ ಜನರ ಸಾಲು. "ಸ್ವಲ್ಪ ಬಿಡಿ, ಸ್ವಲ್ಪ ಬಿಡಿ" ಎಂದು ನುಗ್ಗಿದವಳಿಗೆ ಯಾರೋ "ನಾವೇನು ಹುಚ್ರಾ ಇಲ್ಲಿ ನಿಂತಿರೋದು?" ಎಂದರು. ಔಷಧ ಹಿಡಿದು ವಾಪಸು ಬರುವಷ್ಟರಲ್ಲಿ ಹೆಂಗಸಿನ ತುಟಿ ಬೆಳ್ಳಗಾಗಿತ್ತು. ಥಿಯೇಟರಿನಿಂದ ಡಾಕ್ಟರು ಓಡಿಬಂದರು. ಜೀವ ಉಳಿಯಿತು. ಅದಕ್ಕಾಗಿ ಗರ್ಭಕೋಶ ತೆಗೆಯಬೇಕಾಯಿತು.

ಸಂಜೆಗೆ ಗೇಟಿನ ಮುಂದೆ ಜನ ಸೇರಿದರು. ನೀವೂ ಅಲ್ಲಿದ್ದಿರಿ, ಇಲ್ಲವೇ ಇರುವಂಥವರು. "ಆ ನರ್ಸನ್ನ ಮನೆಗೆ ಕಳಿಸಿ" ಎಂಬುದೊಂದೇ ಕೂಗು. ಎಲ್ಲರಿಗಿಂತ ಮುಂದೆ ಇದ್ದವಳು ಹೆತ್ತವಳ ಅಕ್ಕ. ದೊಡ್ಡ ಡಾಕ್ಟರು ಹೊರಬಂದು, ಮರುದಿನವೇ ವಿಚಾರಣೆ ನಡೆಸಿ ಹುಡುಗಿಯನ್ನು ಕೆಲಸದಿಂದ ತೆಗೆಯುವುದಾಗಿ ಮಾತು ಕೊಟ್ಟರು. ಜನ ತೃಪ್ತರಾಗಿ ಚದುರಿದರು. ನಮ್ಮನ್ನು ತೃಪ್ತಿಪಡಿಸುವುದು ಅಷ್ಟು ಸುಲಭ.

ಹುಡುಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದಳು. ಯಾಕಮ್ಮ ಪಕ್ಕದಲ್ಲಿ ಕೂತಳು.

"ಡಬ್ಬಿ ಯಾಕೆ ತೆಗೀಲಿಲ್ಲಮ್ಮ?"

"ಗೊತ್ತಿಲ್ಲ ಅಕ್ಕ. ಅದು ಅಲ್ಲಿದೆ ಅಂತಾನೇ ಹೊಳೀಲಿಲ್ಲ. ಅದು ಮುಟ್ಟೋ ವಸ್ತು ಅಲ್ಲ ಅಂತ..." ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು.

ಯಾಕಮ್ಮ ಬೈಯಲಿಲ್ಲ. ನೇರ ಹೆರಿಗೆ ಕೋಣೆಗೆ ಹೋದಳು. ಖಾಲಿ ಮಂಚದ ಮೇಲೆ ದಿಂಬಿಟ್ಟು, ಅದೇ ಹೆಂಗಸು ಎಂದುಕೊಂಡು, ರಕ್ತ ಹೋಗುತ್ತಿದೆ ಎಂದುಕೊಂಡು, ಕೈಚಾಚಿದಳು. ಬೆರಳು ಸೀಲಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಆಕೆಯೇ ತಂದು ಹಾಕಿದ ಸೀಲು. ಅದನ್ನು ಮುರಿಯುವ ಮುಂಚೆ ಆಕೆಯ ತಲೆಯಲ್ಲಿ ಮೂಡಿದ್ದು ಬೋರ್ಡಿನ ಸೊನ್ನೆ.

ಮನೆಯಲ್ಲಿ ಗಂಡ ತಟ್ಟೆ ಮುಂದಿಟ್ಟ. ಆಕೆ ಮುಟ್ಟಲಿಲ್ಲ.

"ನಾಳೆ ಬಾಯಿ ಮುಚ್ಕೊಂಡಿರು ಅಂತ ಹೇಳಿದ್ರೆ ಕೇಳ್ತೀಯಾ?" ಎಂದ.

"ಯಾಕೆ?"

"ಅದೇ ಅಂದ್ಕೊಂಡೆ. ಉಣ್ಣು ಮೊದ್ಲು. ಹಸಿದ ಹೊಟ್ಟೇಲಿ ಜಗಳ ಆಡಿದ್ರೆ ಗಂಟಲು ಏಳಲ್ಲ."

ಮರುದಿನ ವಿಚಾರಣೆಗೆ ಮುಂಚೆ ಆಕೆ ಹೋಗಿ ನಿಂತದ್ದು ಹೆತ್ತವಳ ಅಕ್ಕನ ಮುಂದೆ. ಆ ಅಕ್ಕ ವಾರ್ಡಿನ ಹೊರಗಿನ ಬೆಂಚಿನಲ್ಲಿ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಆ ಡಬ್ಬಿಗೆ ಸೀಲು ಹಾಕಿದ್ದು ನಾನು" ಎಂದಳು ಯಾಕಮ್ಮ. ನಡೆದದ್ದನ್ನೆಲ್ಲ ಹೇಳಿದಳು.

"ಹಾಗಾದ್ರೆ ನಿಮ್ಮನ್ನೂ ಕಳಿಸ್ಲಿ."

"ಕಳಿಸ್ಲಿ. ಆಮೇಲೆ ನಮ್ಮ ಜಾಗಕ್ಕೆ ಇನ್ನೊಬ್ಳು ಬರ್ತಾಳೆ. ಅವ್ಳೂ ಆ ಡಬ್ಬಿ ಪಕ್ಕಾನೇ ನಿಂತ್ಕೊಂಡು ಕೌಂಟರಿಗೆ ಓಡ್ತಾಳೆ. ಆಗ ಮಂಚದ ಮೇಲೆ ಯಾರಿರ್ತಾರೋ."

"ಕತೆ ಕಟ್ಬೇಡಿ. ನಿಮ್ಮೋರನ್ನ ಉಳಿಸ್ಕೊಳ್ಳೋಕೆ ಬಂದಿದೀರಿ."

"ಹೌದು, ಅದಕ್ಕೂ ಬಂದೆ. ನನ್ನ ಮಾತು ನಂಬಬೇಡಿ. ಬಂದು ಕಣ್ಣಾರೆ ನೋಡಿ."

ವಿಚಾರಣೆಯ ಕೋಣೆಯಲ್ಲಿ ದೊಡ್ಡ ಡಾಕ್ಟರ ಮೇಜಿನ ಮೇಲೆ ಹುಡುಗಿಯನ್ನು ತೆಗೆಯುವ ಆದೇಶ ಸಹಿಗೆ ಕಾಯುತ್ತಿತ್ತು. ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಯಾಕಮ್ಮ ಮಾತೆತ್ತುತ್ತಲೇ ಅವರು ಪೆನ್ನು ಎತ್ತಿಕೊಂಡರು.

"ಸಿಸ್ಟರ್, ನಿಮ್ಮ ಸೀಲಿಂದಾನೇ ಆಸ್ಪತ್ರೆಗೆ ಹೆಸರು ಬಂದಿದೆ. ಅದನ್ನ ನೀವೇ ಹಾಳ್ಮಾಡ್ತೀರಾ?"

"ಸಹಿ ಹಾಕೋಕೆ ಮುಂಚೆ ಒಂದ್ಸಲ ಹೆರಿಗೆ ಕೋಣೆಗೆ ಬನ್ನಿ ಸರ್. ಆಮೇಲೆ ನಿಮ್ಮಿಷ್ಟ."

ಅವರು ಬರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಆ ಅಕ್ಕ ನಿಂತಿದ್ದಳು. "ನಾನೂ ನೋಡ್ಬೇಕು" ಎಂದಳು. ಪೆನ್ನು ಕೆಳಗಿಳಿಯಿತು. ಎಲ್ಲರೂ ಹೆರಿಗೆ ಕೋಣೆಗೆ ನಡೆದರು, ಹುಡುಗಿಯೂ.

ಮಂಚದ ಮೇಲೆ ದಿಂಬು. ಯಾತಕ್ಕೆ ಎಂದು ತಿಳಿಸದೆ, ಎಲ್ಲರಿಗಿಂತ ಹಿರಿಯ ಸಿಸ್ಟರನ್ನು ಯಾಕಮ್ಮ ಕರೆಸಿದಳು. ಎಷ್ಟೋ ವರ್ಷ ಹೆರಿಗೆ ಮಾಡಿಸಿ ಪಳಗಿದ ಕೈ ಆಕೆಯದು. "ಇದು ಆಗಷ್ಟೇ ಹೆತ್ತವಳು. ರಕ್ತ ನಿಲ್ತಾ ಇಲ್ಲ. ಏನ್ಮಾಡ್ತೀರೋ ಮಾಡಿ" ಎಂದಳು ಯಾಕಮ್ಮ. ಹಿರಿಯ ಸಿಸ್ಟರ್ ಎರಡೂ ಕೈಯಲ್ಲಿ ದಿಂಬು ಒತ್ತಿದರು, ಡಾಕ್ಟರನ್ನು ಕೂಗಿದರು, ಎಲ್ಲ ಸರಿಯಾಗಿ ಮಾಡಿದರು. ನಂತರ ಹುಡುಗಿಗೆ "ನೀನು ಒತ್ತಿ ಹಿಡ್ಕೋ" ಎಂದು ಹೇಳಿ, ಕೆಂಪು ಡಬ್ಬಿಗೆ ಭುಜ ತಾಗಿಸಿಕೊಂಡೇ ಬಾಗಿಲು ದಾಟಿ ಕಾರಿಡಾರಿನಲ್ಲಿ ಓಡಿದರು.

ಓಡುವ ಚಪ್ಪಲಿಯ ಸದ್ದು ದೂರವಾಗುತ್ತಾ ಹೋಯಿತು, ನಿಂತಿತು, ಮತ್ತೆ ಹತ್ತಿರ ಬರತೊಡಗಿತು. ದಿಂಬನ್ನೇ ನೋಡುತ್ತಾ ನಿಂತಿದ್ದ ಅಕ್ಕನಿಗೆ ಆ ಸದ್ದು ಎಷ್ಟು ಉದ್ದವಾಗಿ ಕೇಳಿಸಿರಬೇಕು.

"ಇವ್ರೂ ಓಡಿದ್ರಲ್ಲ" ಎಂದಳು ಅವಳು. ದೊಡ್ಡ ಡಾಕ್ಟರ ಕಡೆ ತಿರುಗಿದಳು. "ಇವ್ರನ್ನೂ ತೆಗೀತೀರಾ?"

ಔಷಧ ಹಿಡಿದು ವಾಪಸು ಬಂದ ಹಿರಿಯ ಸಿಸ್ಟರ್, ಎಲ್ಲರೂ ನೋಡುತ್ತಿದ್ದ ಕಡೆ ನೋಡಿದರು. ಡಬ್ಬಿ ಕಂಡಿತು. ಔಷಧವನ್ನು ದಿಂಬಿನ ಪಕ್ಕ ಇಟ್ಟು ಸ್ಟೂಲಿನ ಮೇಲೆ ಕೂತರು. "ನಿನ್ನೆ ನನ್ನ ಕೈಯೂ ಸೀಲಿನ ಹತ್ರ ಹೋಗಿ ನಿಂತುಬಿಡ್ತು ಸಿಸ್ಟರ್" ಎಂದು ಯಾಕಮ್ಮ ಅವರ ಬೆನ್ನ ಮೇಲೆ ಕೈಯಿಟ್ಟಳು.

ಆ ಆದೇಶಕ್ಕೆ ಸಹಿ ಬೀಳಲಿಲ್ಲ. ಹುಡುಗಿ ಉಳಿದಳು. ಲಿಖಿತ ಉತ್ತರದ ನಿಯಮ ಹೋಯಿತು, ಸೊನ್ನೆಯ ಬೋರ್ಡು ಇಳಿಯಿತು. ಈಗ ಸೀಲು ಮುರಿದಾಗಲೆಲ್ಲ ಗೋಡೆಯ ಮೇಲೆ ಒಂದು ಹಸಿರು ಚುಕ್ಕೆ ಇಡುತ್ತಾರೆ. ಪಾಳಿಗೆ ಬಂದವರು ಮೊದಲು ಒಂದು ಹಳೆಯ ಡಬ್ಬಿಯ ಸೀಲು ಮುರಿದು ಕೈ ಪಳಗಿಸಿಕೊಳ್ಳುತ್ತಾರೆ. ಇದನ್ನೂ ಮೊದಲು ಒಂದೇ ಪಾಳಿಯಲ್ಲಿ ಮಾಡಿ ನೋಡಿ, ಆಮೇಲೆ ಉಳಿದವಕ್ಕೆ ಹರಡಿದ್ದು. ಚುಕ್ಕೆಗಳು ಬೀಳುತ್ತಿವೆ. ಕೌಂಟರಿನ ಕಡೆ ಓಡುವ ಚಪ್ಪಲಿಯ ಸದ್ದಿಲ್ಲ.

ಪ್ರಶಸ್ತಿ ಕೈತಪ್ಪಿತು. ಆಡಳಿತದ ಹಿತದೃಷ್ಟಿಯಿಂದ ಯಾಕಮ್ಮನನ್ನು ಬ್ಯಾಂಡೇಜು ಕಟ್ಟುವ ಕೋಣೆಗೆ ಹಾಕಿದರು. ಆಕೆ ಅಲ್ಲಿ ಹುಣ್ಣು ಯಾಕೆ ಬೇಗ ಮಾಯುತ್ತಿಲ್ಲ ಎಂದು ಕೇಳಲು ಶುರುಮಾಡಿದ್ದಾಳಂತೆ. ಹೆರಿಗೆ ಕೋಣೆಗೆ ಬಂದಿರುವ ಹೊಸ ಉಸ್ತುವಾರಿಗೆ ಮೇಲಿನ ಕಚೇರಿಯಿಂದ ಪತ್ರ ಬಂದಿದೆ: "ನಿಮ್ಮಲ್ಲಿ ಸೀಲು ಮುರಿಯುವುದು ಹೆಚ್ಚಾಗಿದೆ, ಕಾರಣ ತಿಳಿಸಿ." ಮುಳ್ಳು ಎಲ್ಲಿ ಕೂತಿದೆ ನೋಡಿದಿರಾ?

ಆ ಪತ್ರಕ್ಕೆ ಹೆದರಿ ಮತ್ತೊಂದು ಸೊನ್ನೆಯ ಬೋರ್ಡು ನೇತುಬೀಳುವ ಮುಂಚೆ, ಗೇಟಿನಲ್ಲಿ ಕೂಗಿದ ನೀವು ಒಂದು ಕೆಲಸ ಮಾಡಬೇಕು. ನಿಮ್ಮ ಮನೆಯ ಹೆಣ್ಣುಮಗಳು ಹೆರಿಗೆಗೆ ಹೋಗುವ ಆಸ್ಪತ್ರೆಗೆ ನಾಳೆಯೇ ಹೋಗಿ. ರಕ್ತಸ್ರಾವದ ಡಬ್ಬಿ ಎಲ್ಲಿದೆ, ಕಳೆದ ಸಲ ಅದನ್ನು ಯಾವಾಗ ತೆರೆದಿರಿ, ತೆರೆದವರಿಗೆ ಏನು ಮಾಡಿದಿರಿ ಎಂದು ಕೇಳಿ. ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.