ಇಸ್ತ್ರಿ ಟೇಬಲ್ಲಿನ ಕೋಣೆ

ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ತಂಗಿ ತನ್ನ ಮಗಳಿಗಾಗಿ ಅದನ್ನು ಆರು ತಿಂಗಳ ಮಟ್ಟಿಗೆ ಕೇಳಿದಳು. ನಾನು ಕೊಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದೆ ಎರಡು ಸಲ ಹೀಗೆ ಬರೆಯಲು ಕೂತವಳು ಮೆಲ್ಬರ್ನಿನ ಚಳಿ, ಇಲ್ಲಿನ ಹಾಲಿನ ರುಚಿ ಎಂದು ಏನೇನೋ ಬರೆದು ಎದ್ದುಬಿಟ್ಟಿದ್ದೆ.

ಹುಬ್ಬಳ್ಳಿಯಲ್ಲಿದ್ದಿದ್ದರೆ ನನ್ನ ಸುಳ್ಳು ಸಂಜೆಯವರೆಗೂ ಬಾಳುತ್ತಿರಲಿಲ್ಲ. ಮನೆಯಲ್ಲಿ ಜಾಗ ಇಲ್ಲ ಎಂದು ಬೆಳಿಗ್ಗೆ ಹೇಳಿದ್ದರೆ, ಮಧ್ಯಾಹ್ನ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳು ಕೋಣೆಯೊಳಗೆ ಇಣುಕಿ ನೋಡಿ, ಸಂಜೆಗೆ ಓಣಿಗೆಲ್ಲ ಹೇಳಿ ಬರುತ್ತಿದ್ದಳು. ಇಲ್ಲಿ ಹಾಗಲ್ಲ. ಮೆಲ್ಬರ್ನಿನ ಈ ವೆರಿಬೀಗೆ ಬಂದ ಹೊಸದರಲ್ಲಿ ಹತ್ತು ದಿನ ನಮ್ಮ ಬಾಗಿಲನ್ನು ಯಾರೂ ಬಡಿಯಲಿಲ್ಲ. ಹನ್ನೊಂದನೆಯ ದಿನ ಬಡಿದ ಸದ್ದಾಯಿತು. ಚಹಾಕ್ಕೆ ನೀರಿಟ್ಟು, ಸೆರಗು ಸರಿಮಾಡಿಕೊಂಡು, ಓಡಿಹೋಗಿ ತೆರೆದೆ. ಯಾರೂ ಇರಲಿಲ್ಲ. ಹೊಸ್ತಿಲ ಮುಂದೆ ಒಂದು ರಟ್ಟಿನ ಡಬ್ಬಿ ಇತ್ತು, ತಂದಿಟ್ಟವನ ಗಾಡಿ ಆಗಲೇ ತಿರುವು ದಾಟಿತ್ತು. ಒಳಗೆ ಬಂದು ಅರ್ಧ ನೀರು ಚೆಲ್ಲಿ, ಒಬ್ಬಳಿಗಾಗುವಷ್ಟು ಚಹಾ ಮಾಡಿಕೊಂಡೆ. ಇಂಥ ಊರಿನಲ್ಲಿ ಸುಳ್ಳಿಗೆ ಆಯುಷ್ಯ ಹೆಚ್ಚು. ಬಂದು ನೋಡುವವರೇ ಇಲ್ಲ.

ನಮ್ಮ ಮನೆಯವರು ಲಾರಿ ಮೆಕ್ಯಾನಿಕ್. ಅವರ ಕೈಕೆಲಸಕ್ಕೆ ಇಲ್ಲಿ ಬೇಡಿಕೆ ಇದ್ದುದರಿಂದ ನಮಗೆ ಪಿಆರ್ ಸಿಕ್ಕಿತು, ಎಂದರೆ ಇಲ್ಲಿ ಖಾಯಂ ಇರುವ ಪರವಾನಗಿ. ವೆರಿಬೀ ಮೆಲ್ಬರ್ನಿನ ಪಶ್ಚಿಮ ದಿಕ್ಕಿನ ಸಬರ್ಬ್, ನಮ್ಮ ಕಡೆಯ ಮಾತಿನಲ್ಲಿ ಹೊರವಲಯದ ಬಡಾವಣೆ. ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಆದರೆ ಹಳೆಯದು. ಬಡಿಯುವಾಗಲೇ ರೊಟ್ಟಿಯ ಅಂಚು ಒಡೆಯುತ್ತದೆ. ಮಗ ಓದು ಮುಗಿಸಿ ಬ್ರಿಸ್ಬೇನಿಗೆ ಕೆಲಸಕ್ಕೆ ಹೋದ ಮೇಲೆ ಅವನ ಕೋಣೆಯಲ್ಲಿ ಇಸ್ತ್ರಿ ಟೇಬಲ್ ಇಟ್ಟೆ. ನಾನು ಹೇಳುತ್ತಿರುವ ಕೋಣೆ ಅದೇ.

ಒಬ್ಬಳೇ ಕೂತು ಕೂತು ಸಾಕಾಗಿ ವೃದ್ಧರ ವಸತಿಗೃಹವೊಂದರ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಪ್ರತಿಯೊಂದು ಬಟ್ಟೆಗೂ ಅದನ್ನು ತೊಡುವವರ ಹೆಸರಿನ ಚೀಟಿ ಹೊಲಿದಿರುತ್ತಾರೆ. ಆ ಚೀಟಿಗಳನ್ನು ಓದಿಯೇ ನಾನು ಇಂಗ್ಲಿಷ್ ಕಲಿತದ್ದು. ಒಮ್ಮೆ ಅಜ್ಜಿಯೊಬ್ಬಳ ನೀಲಿ ಸ್ವೆಟರ್ ಕಳೆದುಹೋಗಿ, ಅವಳು ಊಟ ಬಿಟ್ಟು ಕೂತಿದ್ದಳು. ನಾನು ಇಡೀ ಶೆಲ್ಫ್ ಇಳಿಸಿ ಹುಡುಕಿ ಕೊಟ್ಟೆ. ಅವಳು ನನ್ನ ಕೈ ಬಿಡದೆ ಹೆಸರು ಕೇಳಿದಳು. ಸುನಂದಾ ಎಂದೆ. ಅವಳ ಬಾಯಿಗೆ ‘ಸನ್’ ಎಂದಷ್ಟೇ ಬಂತು. ಅಂದಿನಿಂದ ಅಲ್ಲಿ ಎಲ್ಲರಿಗೂ ನಾನು ಸನ್. ಖುಷಿಯಿಂದ ತಂಗಿಗೆ ಫೋನ್ ಮಾಡಿದೆ. “ಭಾಳ ಛಲೋ ಆತಕ್ಕಾ” ಎಂದಳು. ಆಮೇಲೆ, ತಾನು ಹಿಂದೆ ದುಡಿದ ಕೋರ್ಟಿನ ತೀರ್ಪೊಂದರಿಂದ ಒಂದು ಇಡೀ ಊರಿನ ಜನಕ್ಕೆ ಅವರ ನದಿದಂಡೆಯ ನೆಲ ವಾಪಸ್ ಸಿಕ್ಕಿತೆಂದು ಹೇಳಿದಳು. ನನ್ನ ಸ್ವೆಟರ್ ಅಲ್ಲಿಗೆ ಮುಗಿಯಿತು.

ಯಾವಾಗಲೂ ಹೀಗೆಯೇ. ನಮ್ಮ ಅಪ್ಪ ಹುಬ್ಬಳ್ಳಿಯ ಕೋರ್ಟಿನಲ್ಲಿ ಪಟ್ಟೇವಾಲನಾಗಿದ್ದ. ವಿಚಾರಣೆಗೆ ಬರಬೇಕಾದವರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಗಟ್ಟಿಯಾಗಿ ಕೂಗುವುದು ಅವನ ಕೆಲಸ. ದಿನಾ ಶಾಲೆ ಬಿಟ್ಟ ಮೇಲೆ ತಂಗಿ ಭಾರತಿ ಅಲ್ಲಿ ಹೋಗಿ ಕೂರುತ್ತಿದ್ದಳು, ಸಂಜೆ ಇಬ್ಬರೂ ಮಾತಾಡುತ್ತ ಬರುತ್ತಿದ್ದರು. ನಾನು ಬಡಿಸುತ್ತಿದ್ದೆ. ಅವರ ಮಾತು ನನ್ನ ತಲೆಯ ಮೇಲಿಂದ ಹೋಗುತ್ತಿತ್ತು. ತಂಗಿಯ ಓದಿಗಾಗಿ ನಾನು ಶಾಲೆ ಬಿಟ್ಟೆ ಎಂದು ಇಲ್ಲಿ ವೆರಿಬೀಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅದೂ ಸುಳ್ಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಎರಡು ಸಲ ನಪಾಸಾಗಿ ಬಿಟ್ಟೆ. ಅವಳು ಕಾನೂನು ಓದಿದಳು, ಸ್ಕಾಲರ್‌ಶಿಪ್ ಪಡೆದು ಇನ್ನೊಂದು ಖಂಡಕ್ಕೆ ಹೋದಳು, ಅಲ್ಲಿನ ಭಾಷೆ ಕಲಿತು ಅಲ್ಲಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ಎರಡು ವರ್ಷ ದುಡಿದಳು. ಗಣಿ ಎಂಜಿನಿಯರನನ್ನು ಮದುವೆಯಾಗಿ ಸಿಡ್ನಿಗೆ ಬಂದದ್ದು ಆಮೇಲೆ. ಒಂದೇ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮುಂದಿದ್ದೆ. ಆಸ್ಟ್ರೇಲಿಯಾಕ್ಕೆ ಮೊದಲು ಬಂದವಳು ನಾನು. ಅವಳು ಬಂದ ತಿಂಗಳೊಳಗೆ ಪಕ್ಕದ ಮನೆಯ ಬಿಳಿಯರ ಜೊತೆ ಬೇಲಿಯ ಮೇಲೆ ಕೈಯಿಟ್ಟು ನಗುತ್ತಿದ್ದಳು.

ಆ ಕೋರ್ಟು ಏನೆಂದು ನನಗೆ ತಿಳಿದದ್ದು ತಡವಾಗಿ. ಒಂದು ಪ್ರದೇಶದ ಹಲವು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡು ಅದನ್ನು ಕಟ್ಟಿವೆ. ಸರ್ಕಾರವೇ ತನ್ನ ಜನಕ್ಕೆ ಅನ್ಯಾಯ ಮಾಡಿ, ಆ ದೇಶದ ಕೋರ್ಟುಗಳೂ ಕೈಬಿಟ್ಟಾಗ, ನೊಂದವರ ದೂರು ಅಲ್ಲಿಗೆ ಮುಟ್ಟುತ್ತದೆ. ನಾನು ಬಿಟ್ಟುಬಂದ ದೇಶಕ್ಕೂ ಬಂದು ಸೇರಿದ ದೇಶಕ್ಕೂ ಅಂಥ ಕೋರ್ಟು ಇಲ್ಲವಂತೆ. ಅಲ್ಲಿನ ನ್ಯಾಯಾಧೀಶರು ತಮ್ಮಲ್ಲೇ ಒಬ್ಬರನ್ನು ಎರಡು ವರ್ಷಕ್ಕೆ ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಭಾರತಿ ಸಿಡ್ನಿಗೆ ಬಂದ ಮೇಲೆ ಒಂದು ಸಲ, ಅವಳು ‘ಮೇಡಂ’ ಎಂದು ಕರೆಯುತ್ತಿದ್ದ ಹಿರಿಯ ನ್ಯಾಯಾಧೀಶೆ ಅಧ್ಯಕ್ಷೆಯಾದರು. ಸಾಕ್ಷಿ ಹೇಳಲು ಬಂದ ಹೆಂಗಸಿಗೆ ಮೊದಲು ನೀರು ಕೊಡಿಸಿ, ನಿನಗೆ ಯಾವ ಮಾತಿನಲ್ಲಿ ಹೇಳಲು ಹಗುರ ಎಂದು ಕೇಳುವವರು. ತೀರ್ಪಿನ ಕರಡನ್ನು ಎಲ್ಲರಿಗಿಂತ ಕಿರಿಯ ವಕೀಲರ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲಿ ಮತ್ತೆ ಬರೆಸುವವರು. ಅವರು ಭಾರತಿಯನ್ನು ಕರೆದರು.

“ಅಕ್ಕಾ, ಎರಡು ವರ್ಷ ಮೇಡಂ ಕಚೇರಿಯೊಳಗ ಕೆಲಸ” ಎಂದು ಫೋನಿನಲ್ಲಿ ಹೇಳಿದಳು. “ಮೊದಲ ಆರು ತಿಂಗಳು ಕೋರ್ಟು ದೇಶ ದೇಶ ತಿರುಗಿ ವಿಚಾರಣೆ ಮಾಡ್ತೈತಿ. ಕೂಸಿನ್ನ ಕರಕೊಂಡು ಹೆಂಗ ತಿರಗ್ಲಿ? ಇವರು ಎರಡು ವಾರ ಗಣಿಯೊಳಗ, ಒಂದು ವಾರ ಮನ್ಯಾಗ. ಇಂಚರಾನ್ನ ಆರು ತಿಂಗಳು ನಿನ್ನ ಕಡೆ ಇಟ್ಕೋತಿ ಏನು? ಆಮ್ಯಾಲ ನಾನ ಕರಕೊಂಡು ಹೋಗ್ತೀನಿ. ನಿನ್ನ ಮನಿ ಬಿಟ್ರ ನಂಗ್ಯಾವ ತವರುಮನಿ ಐತಿ?”

ನನ್ನ ಎದುರಿಗೇ ಆ ಕೋಣೆಯ ಬಾಗಿಲು ತೆರೆದಿತ್ತು. ಇಸ್ತ್ರಿ ಟೇಬಲ್ ಕಾಣುತ್ತಿತ್ತು.

“ಕೋಣಿ ಖಾಲಿ ಇಲ್ಲಲ್ಲ ಭಾರತಿ. ಒಬ್ಬ ಸ್ಟೂಡೆಂಟ್ ಹುಡುಗಗ ಬಾಡಗಿ ಕೊಟ್ಟೇವಿ.”

“ಹೌದಾ? ಹೋಗ್ಲಿ ಬಿಡಕ್ಕಾ.”

ನಮ್ಮ ಮನೆಯವರು ಚಹಾದ ಬಸಿ ಕೆಳಗಿಟ್ಟು, “ಯಾವ ಹುಡುಗ?” ಎಂದರು.

“ನೀವು ಚಹಾ ಕುಡೀರಿ” ಎಂದೆ.

ಅವಳು ಆ ಕೆಲಸಕ್ಕೆ ಹೋಗಲಿಲ್ಲ. ಅಧ್ಯಕ್ಷೆಯ ಅವಧಿಯೇ ಎರಡು ವರ್ಷ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಸಿಡ್ನಿಯಲ್ಲೇ, ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಔಷಧಿ ಕಂಪನಿಯೊಂದರಲ್ಲಿ ಕರಾರುಪತ್ರ ಓದುವ ಕೆಲಸಕ್ಕೆ ಸೇರಿದಳು. ಸುದ್ದಿ ಕೇಳಿದಾಗ ನನಗೆ ದುಃಖವಾಯಿತೆಂದು ಬರೆದರೆ ಇದೂ ಸುಳ್ಳಾಗುತ್ತದೆ. ಅವತ್ತು ನನಗೆ ಹಸಿವು ಚೆನ್ನಾಗಿತ್ತು, ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಇಷ್ಟೇ ಸಾಲದೆ, ನಮ್ಮ ಬೀದಿಯ ಮೈಸೂರಿನ ಶೈಲಾ “ನಿಮ್ ತಂಗಿ ಫಾರಿನ್ ಕೋರ್ಟ್‌ಗೆ ಹೋಗ್ತಾರೆ ಅಂದಿದ್ರಲ್ರೀ?” ಎಂದು ಕೇಳಿದಾಗ, “ಇಲ್ರೀ, ಕೋರ್ಟಿನವರು ಬ್ಯಾಡ ಅಂದ್ರಂತ” ಎಂದುಬಿಟ್ಟೆ. ಕನ್ನಡದ ಹೆಂಗಸರೆಲ್ಲ ಸೇರಿದ್ದ ಕಡೆ, ಎಲ್ಲರೆದುರು.

ಒಂದು ವರ್ಷದ ಮೇಲೆ ಸಿಡ್ನಿಗೆ ಹೋದೆ. ಅವಳ ಮನೆ ಇರುವುದು ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆಯಲ್ಲಿ. ಅಲ್ಲಿ ಮನೆಗಳು ಹೊಸವು, ಗಿಡಗಳೂ ಹೊಸವು, ಊರುಗೋಲು ಕಟ್ಟಿ ನಿಲ್ಲಿಸಿದ್ದಾರೆ. ನಾನು ಚಪ್ಪಲಿ ಬಿಡುವ ಮೊದಲೇ ಏಳು ವರ್ಷದ ಇಂಚರಾ ಬಂದು ಕೈ ಹಿಡಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ದೊಡ್ಡವ್ವಾ, ದಟ್ ಸ್ಟೂಡೆಂಟ್ ಇನ್ ಮೈ ರೂಮ್, ವಾಟ್ಸ್ ಹಿಸ್ ನೇಮ್?”

ರಜೆಗೆ ಬಂದಾಗ ಮಲಗುತ್ತಿದ್ದ ಕೋಣೆಯನ್ನು ಮಗು ತನ್ನದೆಂದೇ ತಿಳಿದಿತ್ತು. “ರಾಹುಲ್” ಎಂದೆ. ಭಾರತಿ ಒಲೆಯ ಕಡೆ ತಿರುಗಿಕೊಂಡಿದ್ದಳು, ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಂಡಕ್ಕಿಯ ಸುಸಲಾ ತಿನ್ನಲು ಕೂತಾಗ ಭಾರತಿ ಲ್ಯಾಪ್‌ಟಾಪಿನಲ್ಲಿ ಆ ಕೋರ್ಟಿನ ಕಲಾಪದ ವಿಡಿಯೊ ತೋರಿಸಿದಳು. ನಡುವೆ ಕೂತವರು ಮೇಡಂ, ನರೆತ ಗಿಡ್ಡ ಕೂದಲು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಫೈಲು ಹಿಡಿದು ಕೂತಿದ್ದಳು. “ಆ ಕುರ್ಚಿ” ಎಂದಳು ಭಾರತಿ. ಅವಳ ತೊಡೆಯ ಮೇಲಿನ ತಟ್ಟೆಯಲ್ಲಿ ಸುಸಲಾ ಹಾಗೇ ಇತ್ತು. ಇಷ್ಟು ವರ್ಷ ಅವಳ ಕೈಯಲ್ಲಿರುವುದನ್ನೆಲ್ಲ ಕಂಡು ಉರಿದವಳಿಗೆ, ನಾನು ಕಿತ್ತುಕೊಂಡದ್ದು ಅವತ್ತು ಕಣ್ಣಿಗೆ ಬಿತ್ತು. ಒಂದು ಸಾದಾ ಕುರ್ಚಿ.

ಸುಮ್ಮನಿರಲಾಗದೆ, “ಏನು ಹೇಳಾಕತ್ಯಾರ?” ಎಂದು ಕೇಳಿದೆ.

“ಸರ್ಕಾರದವರು ತಾವು ಅನ್ಯಾಯ ಮಾಡಿದ ಮಂದಿ ಮುಂದ ತಪ್ಪು ಒಪ್ಪಿಕೋಬೇಕು ಅಂತ. ಅವರ ಊರಾಗ, ಅವರ ಮಾತಿನ್ಯಾಗ, ಗಟ್ಟಿ ದನಿಲೆ. ದಿವಸ ಯಾವುದು ಅಂತ ಆ ಮಂದೀನ ಹೇಳಬೇಕು.”

“ಪತ್ರ ಕಳಸಿದ್ರ ನಡಿಯೂದಿಲ್ಲೇನು?”

“ಇಲ್ಲಕ್ಕಾ. ಯಾರ ಮುಂದ ಮಾನ ಕಳದಿದ್ರೋ ಅವರ ಮುಂದನ ಹೇಳಬೇಕು. ಅಲ್ಲೀತನಕ ಕೋರ್ಟು ಫೈಲ್ ಮುಚ್ಚೂದಿಲ್ಲ.”

ವಾಪಸ್ ಹೊರಟ ದಿನ ಭಾರತಿ ಕಾರಿನಲ್ಲಿ ಬಿಡಲು ಬಂದಳು. ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಕಾರು ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಲು ಬಿಡುವುದಿಲ್ಲ. ಆ ಎರಡು ನಿಮಿಷವನ್ನೇ ನಾನು ಆರಿಸಿಕೊಂಡೆ. “ಆದದ್ದು ಆತು ಭಾರತಿ. ಏನರೆ ಬ್ಯಾಸರ ಆಗಿದ್ರ ಮನಸಿನ್ಯಾಗ ಇಟ್ಕೋಬ್ಯಾಡ.”

“ಇಂಥಾ ಕರಡು ಬಂದ್ರ ಮೇಡಂ ವಾಪಸ್ ಕಳಸ್ತಿದ್ರು” ಎಂದಳು, ಸ್ಟೀರಿಂಗಿನಿಂದ ಕೈ ತೆಗೆಯದೆ. “ಯಾರು ಮಾಡಿದ್ರು, ಯಾರಿಗೆ ಮಾಡಿದ್ರು, ಏನು ಮಾಡಿದ್ರು, ಒಂದೂ ಇಲ್ಲ ಇದರಾಗ.”

“ನಿಂಗ ಗೊತ್ತೈತೇನು?”

“ರಾಹುಲ್ ಅನ್ನಾಂವ ಯಾರೂ ಇಲ್ಲ ಅಂತ ಗೊತ್ತೈತಿ. ನಿಮ್ಮನಿ ಮಾಮಾ ನೀ ಇಲ್ಲಂದ ವಾರನ ಫೋನ್‌ನ್ಯಾಗ ಅಂದಿದ್ರು, ಕೋಣ್ಯಾಗ ಇಸ್ತ್ರಿ ಟೇಬಲ್ ಐತಿ ಅಂತ.”

“ಮತ್ತ ನನ್ನ ಯಾಕ ಕೇಳ್ಲಿಲ್ಲ?”

“ಬ್ಯಾಡ ಅಂದವರ ಮನ್ಯಾಗ ಕೂಸು ಬಿಡ್ಲೇನು?” ಎಂದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ. “ನಮ್ಮ ಕೋರ್ಟಿನ್ಯಾಗ ಒಂದು ರೀತಿ ಐತಿ ಅಕ್ಕಾ. ದೂರು ಅಲ್ಲಿಗೆ ಬರೂಕಿಂತ ಮೊದಲ, ತಪ್ಪು ಮಾಡಿದ ದೇಶಕ್ಕ ತನ್ನ ಮನ್ಯಾಗೇ ಅದನ್ನ ಸರಿಮಾಡಾಕ ಅವಕಾಶ ಕೊಡ್ತಾರ. ನಾನೂ ಒಂದು ವರ್ಷ ಕೊಟ್ಟೆ. ಇಳಿ, ಹೊತ್ತಾತು.”

ವಿಮಾನದಲ್ಲಿ ಕೂತು ಒಂದೇ ಯೋಚನೆ. ಅಪ್ಪ ತೀರಿದ ಮೇಲೆ ಹುಬ್ಬಳ್ಳಿಯ ಬಾಡಿಗೆ ಮನೆ ಬೇರೆಯವರದಾಯಿತು. ಆದರೂ ನಾನು ಇಷ್ಟು ವರ್ಷ ಆ ಕಡೆಗೇ ಮುಖ ಮಾಡಿಕೊಂಡು, ನನ್ನ ತವರು ಹೋಯಿತೆಂದು ಕೊರಗುತ್ತ ಇಲ್ಲಿ ಅತಿಥಿಯಂತೆ ಬದುಕಿದೆ. ನನ್ನ ಬೆನ್ನ ಹಿಂದೆ ಈ ವೆರಿಬೀಯ ಮನೆಯೇ ಇನ್ನೊಬ್ಬಳ ತವರಾಗಿತ್ತು. ಹುಬ್ಬಳ್ಳಿಯಲ್ಲಿ ನನಗೆ ಹೊಸ್ತಿಲಿಲ್ಲ. ಇಲ್ಲಿ ಹೊಸ್ತಿಲಿದ್ದೂ ನಾನು ಅದಕ್ಕೆ ಯಜಮಾನಿಯಾಗಲಿಲ್ಲ. ಈಗಲೂ ನನಗೆ ಬೀಳುವ ಕನಸೆಲ್ಲ ಅಲ್ಲಿಯವು, ಮಾಡಿದ ತಪ್ಪೆಲ್ಲ ಇಲ್ಲಿಯದು.

ಫೋನ್ ಮಾಡಿ, “ದಿವಸ ನೀನ ಹೇಳು” ಎಂದೆ. ಭಾರತಿ ಶ್ರಾವಣದ ಅರಿಶಿನ-ಕುಂಕುಮದ ದಿನ ಹೇಳಿದಳು. ಶ್ರಾವಣ ಶುಕ್ರವಾರವನ್ನು ನಾವಿಲ್ಲಿ ಶನಿವಾರ ಮಾಡುತ್ತೇವೆ, ಶುಕ್ರವಾರ ಯಾರಿಗೂ ರಜೆ ಇರುವುದಿಲ್ಲ. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರ್, ಬಾಗಿಲಲ್ಲಿ ಬೂಟುಗಳ ರಾಶಿ. ಅಂದು ನಮ್ಮ ಮನೆಯ ಹಾಲ್‌ನಲ್ಲಿ ಹದಿನಾಲ್ಕು ಹೆಂಗಸರಿದ್ದರು. ಇಸ್ತ್ರಿ ಟೇಬಲ್ ಗ್ಯಾರೇಜಿಗೆ ಹೋಗಿತ್ತು, ಇಂಚರಾ ತನ್ನ ಕೋಣೆಯ ಮಂಚದ ಮೇಲೆ ಕುಣಿಯುತ್ತಿದ್ದಳು.

ಶೈಲಾ ಕುಂಕುಮ ಹಚ್ಚಿಸಿಕೊಳ್ಳುತ್ತಲೇ, “ಏನಮ್ಮಾ ಭಾರತಿ, ಆ ಕೋರ್ಟ್‌ನೋರು ಬೇಡ ಅಂದ್ಬಿಟ್ರಂತೆ? ಹೋಗ್ಲಿ ಬಿಡು, ಸಿಡ್ನಿನೇ ಚೆನ್ನಾಗಿದೆ” ಎಂದಳು.

ಭಾರತಿಗೆ ಈ ಸುಳ್ಳು ಗೊತ್ತಿರಲಿಲ್ಲ. ಅವಳ ಮುಖ ಕೆಂಪಾಯಿತು. ನನ್ನನ್ನು ನೋಡಿದಳು, ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು.

ತವರಿಗೆ ಬಂದ ಮಗಳಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಕಣ. ಅವ್ವ ಇಲ್ಲದಿದ್ದರೆ ಅಕ್ಕ ತುಂಬಬೇಕು. ನಾನು ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡು ಬಗ್ಗಿ, ಅವಳ ಕಿವಿಯ ಹತ್ತಿರ, “ತಪ್ಪಾತು” ಎಂದೆ.

“ಕೇಳಿಸ್ಲಿಲ್ಲಕ್ಕಾ” ಎಂದಳು.

ಕೇಳಿಸಿತ್ತು. ನಾನು ನೆಟ್ಟಗಾದೆ. ಅಕ್ಕಿ ಬೊಗಸೆಯಲ್ಲೇ ಇತ್ತು. ಅಪ್ಪ ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವಾಗ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದ, ಹಾಗೆ ಎಳೆದುಕೊಂಡೆ. ಅಡುಗೆಮನೆಯಲ್ಲಿದ್ದ ನಮ್ಮ ಮನೆಯವರಿಗೂ ಕೇಳುವ ಹಾಗೆ ಹೇಳಿದೆ:

“ಭಾರತಿ, ನೀ ಕೇಳಿದಾಗ ಈ ಮನ್ಯಾಗ ಕೋಣಿ ಖಾಲಿ ಇತ್ತು. ಬಾಡಗಿ ಹುಡುಗ ಯಾರೂ ಇರ್ಲಿಲ್ಲ. ಕೋರ್ಟಿನವರು ನಿನ್ನ ಬ್ಯಾಡ ಅಂದಿಲ್ಲ, ಕರದಿದ್ರು. ಬ್ಯಾಡ ಅಂದಾಕಿ ನಾನು. ನಿನ್ನ ಕಂಡು ಹೊಟ್ಟಿಕಿಚ್ಚು ಪಟ್ಟು ಅಂದೆ. ಮ್ಯಾಲ ಇವರ ಮುಂದೆಲ್ಲ ನಿನ್ನ ಮಾನ ಕಳದೆ. ನಂದ ತಪ್ಪು, ತಂಗಿ. ನನ್ನ ಕ್ಷಮಿಸು.”